ಫ್ರೈಫುಂಕ್ ಸೇರಲು ನಾಲ್ಕು ದಾರಿ: ಬರ್ಲಿನ್‌ನಲ್ಲಿರುವವರಿಗೆ ಯಾವುದು ಹೊಂದುತ್ತದೆ?

ಬರ್ಲಿನ್‌ಗೆ ಓದಲೆಂದೋ ಕೆಲಸಕ್ಕೆಂದೋ ಬಂದಿಳಿದ ನಮ್ಮವರು ಬಹುಬೇಗ ಗಮನಿಸುವ ಸಂಗತಿಯೊಂದಿದೆ. ಫೋನಿನ ವೈಫೈ ಪಟ್ಟಿಯಲ್ಲಿ ‘ಬರ್ಲಿನ್ ಡಾಟ್ ಫ್ರೈಫುಂಕ್ ಡಾಟ್ ನೆಟ್’ ಎಂಬ ಹೆಸರು ಕಾಣುತ್ತದೆ. ಬೀಗದ ಗುರುತಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ, ಮೊಬೈಲ್ ಸಂಖ್ಯೆ ಕೊಟ್ಟು ಓಟಿಪಿಗೆ ಕಾಯಬೇಕಾಗಿಲ್ಲ. ಇದನ್ನು ಬಳಸಬಹುದೇ, ಇದು ಯಾರ ಖರ್ಚಿನಲ್ಲಿ ನಡೆಯುತ್ತಿದೆ, ಮನೆಗೆ ಲೈನ್ ಹಾಕಿಸಿಕೊಳ್ಳದೆ ಇದನ್ನೇ ನೆಚ್ಚಿಕೊಂಡಿರಬಹುದೇ ಎಂದು ಕೇಳುವವರು ಅನೇಕರು.

ಬಳಸಬಹುದು. ಫ್ರೈಫುಂಕ್ ಎಂದರೆ ಊರಿನ ಸ್ವಯಂಸೇವಕರು ತಮ್ಮ ತಮ್ಮ ರೌಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿರುವ ಉಚಿತ ವೈಫೈ ಜಾಲ. ಆದರೆ ಫೋನ್ ಸೇರಿಸುವುದೊಂದೇ ಈ ಜಾಲಕ್ಕೆ ಸೇರುವ ದಾರಿಯಲ್ಲ. ಮನೆಯೊಳಗೊಂದು ರೌಟರ್ ಇಟ್ಟು ಪಕ್ಕದವರ ನೋಡ್‌ನೊಂದಿಗೆ, ಅಂದರೆ ಈ ಜಾಲಕ್ಕೆ ಸೇರಿದ ಅವರ ರೌಟರ್‌ನೊಂದಿಗೆ ಜೋಡಿಸಬಹುದು. ನಿಮ್ಮದೇ ಇಂಟರ್ನೆಟ್ ಲೈನಿನ ಒಂದು ಪಾಲನ್ನು ಬೀದಿಗೆ ತೆರೆದಿಡಬಹುದು. ಬಾಲ್ಕನಿಯಿಂದಲೋ ಚಾವಣಿಯಿಂದಲೋ ದೂರದ ಗೋಪುರದತ್ತ ಆಂಟೆನಾ ತಿರುಗಿಸಬಹುದು. ಈ ನಾಲ್ಕರಲ್ಲಿ ಯಾವುದು ನಿಮಗೆ ಸರಿ ಎಂಬುದನ್ನು ಸಾಧನದ ಬೆಲೆ ತೀರ್ಮಾನಿಸುವುದಿಲ್ಲ. ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ, ನಿಮ್ಮ ಬಾಡಿಗೆ ಕರಾರಿನಲ್ಲಿ ಏನಿದೆ ಎಂಬ ಎರಡೇ ವಿಷಯಗಳು ತೀರ್ಮಾನಿಸುತ್ತವೆ. ಅಂಗಡಿಗೆ ಹೋಗುವ ಮೊದಲು ಅವೆರಡನ್ನೂ ನೋಡಿಕೊಳ್ಳಿ ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಜಾಲ ಯಾರದು?

ಫ್ರೈಫುಂಕ್ ಒಂದು ಕಂಪನಿಯಲ್ಲ. ಅದಕ್ಕೆ ಗ್ರಾಹಕರೂ ಇಲ್ಲ. ಅವರವರ ಮನೆಯ ರೌಟರಿಗೆ ಅವರವರೇ ಒಡೆಯರು. ಇದು ಬರ್ಲಿನ್‌ನಲ್ಲಿ ಹುಟ್ಟಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು. ಜರ್ಮನಿ ಒಂದಾದ ಮೇಲೆ, 1990ರ ದಶಕದ ಆರಂಭದಲ್ಲಿ, ಟೆಲಿಕಾಂ ಎಂಬ ಸರ್ಕಾರಿ ದೂರವಾಣಿ ಸಂಸ್ಥೆ ದೇಶದ ಪೂರ್ವ ಭಾಗದ ಹಲವು ಬಡಾವಣೆಗಳಿಗೆ ಆಗಿನ ಕಾಲಕ್ಕೆ ಅತ್ಯಾಧುನಿಕವಾಗಿದ್ದ ಆಪ್ಟಿಕಲ್ ಫೈಬರ್ ದೂರವಾಣಿ ಲೈನ್ ಎಳೆಯಿತು. ಮುಂದೆ ಬಂದ ಡಿಎಸ್‌ಎಲ್ ಎಂಬ ಬ್ರಾಡ್‌ಬ್ಯಾಂಡ್‌ಗೆ ಬೇಕಾಗಿದ್ದದ್ದು ಹಳೆಯ ತಾಮ್ರದ ತಂತಿ. ಹೀಗಾಗಿ ಹೊಸ ಸೌಕರ್ಯ ಪಡೆದಿದ್ದ ಬರ್ಲಿನ್‌ನ ಫ್ರೀಡ್ರಿಶ್ಸ್‌ಹೈನ್, ಪ್ರೆನ್ಸ್‌ಲಾವರ್ ಬೆರ್ಗ್‌ನಂಥ ಕಡೆಗಳಲ್ಲೇ ಬ್ರಾಡ್‌ಬ್ಯಾಂಡ್ ಸಿಗದಂತಾಯಿತು. ಒಂದು ಮನೆಗೆ ಹೇಗೋ ಸಿಕ್ಕ ಲೈನನ್ನು ಚಾವಣಿಯಿಂದ ಚಾವಣಿಗೆ ವೈಫೈ ಮೂಲಕ ದಾಟಿಸುವುದು ಅಲ್ಲಿನವರಿಗೆ ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು. 2002ರ ಅಕ್ಟೋಬರಿನಲ್ಲಿ ಲಂಡನ್ನಿನ ಇಂಥದೇ ಗುಂಪಿನವರು ಬಂದು ಬರ್ಲಿನ್‌ನವರೊಂದಿಗೆ ಕಾರ್ಯಾಗಾರ ನಡೆಸಿದರು; ಮರುವರ್ಷ ಇದಕ್ಕೆ ಬೆಂಬಲವಾಗಿ ಒಂದು ಸಂಘವೂ ನೋಂದಣಿಯಾಯಿತು.

ಈ ಜನ ತಂತ್ರಜ್ಞಾನವನ್ನು ಬಳಸಿ ಸುಮ್ಮನಾದವರಲ್ಲ. ಮಾಹಿತಿಯು ನೋಡ್‌ನಿಂದ ನೋಡ್‌ಗೆ ಸಾಗಲು ಮಾರ್ಗ ಹುಡುಕುವ ಓಎಲ್‌ಎಸ್‌ಆರ್ ಎಂಬ ಪದ್ಧತಿಯನ್ನು ನಿಜವಾದ ಚಾವಣಿಗಳ ಮೇಲೆ ಓಡಿಸಿ ತಿದ್ದಿದರು. 2006ರಿಂದ ಬ್ಯಾಟ್‌ಮನ್ ಎಂಬ ಇನ್ನೊಂದು ಪದ್ಧತಿಯನ್ನು ಕಟ್ಟಿದರು. ಅದರ ಮುಂದಿನ ರೂಪ 2011ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಭಾಗವೇ ಆಯಿತು. 2015ರಲ್ಲಿ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಜರ್ಮನಿಗೆ ಬಂದಾಗ ಅನೇಕ ಆಶ್ರಯ ಕೇಂದ್ರಗಳಿಗೆ ಇಂಟರ್ನೆಟ್ ತಲುಪಿಸಿದವರು ಈ ಸ್ವಯಂಸೇವಕರೇ. ಫ್ರೈಫುಂಕ್ ಸಂಘಗಳನ್ನು ಸಾರ್ವಜನಿಕ ಹಿತದ ಸಂಸ್ಥೆಗಳೆಂದು ಜರ್ಮನಿಯ ತೆರಿಗೆ ಕಾನೂನು ಒಪ್ಪಿಕೊಂಡದ್ದು 2021ರ ಆರಂಭದಿಂದ. ಅದಕ್ಕೆ ಅಷ್ಟು ವರ್ಷ ಹಿಡಿಯಬಾರದಿತ್ತು.

ನಿಯಮವೆಂದರೆ ಪಿಕೊ ಪಿಯರಿಂಗ್ ಎಂಬ ಪುಟ್ಟ ಒಪ್ಪಂದ. ನಿಮ್ಮ ನೋಡ್ ಮೂಲಕ ಹಾದುಹೋಗುವ ಇತರರ ಮಾಹಿತಿಯನ್ನು ತಡೆಯಬಾರದು, ತಿದ್ದಬಾರದು, ಅದಕ್ಕೆ ಹಣ ಕೇಳಬಾರದು. ಸೇವೆ ನಿಂತರೆ ಯಾರನ್ನೂ ದೂರುವಂತಿಲ್ಲ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಫೋನೋ ಲ್ಯಾಪ್‌ಟಾಪೋ ಸೇರಿಸಿದರೆ ಸಾಕು ಎನ್ನುವವರಿಗೆ

ಹೆಸರಿನ ಮೇಲೆ ಒತ್ತಿದರೆ ಆಯಿತು. ಖರ್ಚಿಲ್ಲ, ನೋಂದಣಿಯಿಲ್ಲ. ಊರಿಗೆ ಬಂದ ಹೊಸತರಲ್ಲಿ, ಮನೆಯ ಲೈನ್ ಬರುವವರೆಗಿನ ವಾರಗಳಲ್ಲಿ ಇದು ದೊಡ್ಡ ಆಸರೆ.

ಇದರ ಮಿತಿಯನ್ನೂ ತಿಳಿದಿರಬೇಕು. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಗಾಳಿಯಲ್ಲಿ ಹೋಗುವ ಮಾಹಿತಿಗೆ ಗೂಢಲಿಪಿಯ ಹೊದಿಕೆ ಇರುವುದಿಲ್ಲ. ಬ್ಯಾಂಕಿನ ಪುಟ, ವಾಟ್ಸಾಪ್, ಮಿಂಚಂಚೆ ಇವೆಲ್ಲ ಈಗ ತಮ್ಮದೇ ಗೂಢಲಿಪಿಯಲ್ಲಿ ಸಾಗುವುದರಿಂದ ಒಳಗಿನ ವಿಷಯವನ್ನು ಪಕ್ಕದಲ್ಲಿ ಕುಳಿತವರು ಓದಲಾರರು. ಆದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಬಹುಮಟ್ಟಿಗೆ ತಿಳಿಯಬಹುದು. ಯಾರಾದರೂ ಇದೇ ಹೆಸರಿನ ನಕಲಿ ವೈಫೈ ಇಟ್ಟರೂ ನಿಮ್ಮ ಫೋನ್ ಅದನ್ನು ಗುರುತಿಸಲಾರದು. ಆದ್ದರಿಂದ ‘ತಾನಾಗಿ ಸೇರು’ ಎಂಬ ಆಯ್ಕೆಯನ್ನು ಫೋನಿನಲ್ಲಿ ನಿಲ್ಲಿಸಿಬಿಡಿ. ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಎಚ್ಚರಿಸಿದರೆ ಅಲ್ಲಿಂದ ಮುಂದೆ ಹೋಗಬೇಡಿ. ಜರ್ಮನಿಯ ಕೆಲವು ಊರುಗಳ ಫ್ರೈಫುಂಕ್‌ನಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಗೂಢಲಿಪಿ ಒದಗಿಸುವ ಓಡಬ್ಲ್ಯುಇ ಎಂಬ ಎರಡನೆಯ ಹೆಸರೂ ಕಾಣುತ್ತದೆ. ಮ್ಯೂನಿಕ್‌ನಲ್ಲಿ ಅದನ್ನು ನೋಡಬಹುದು. ನಿಮ್ಮ ಫೋನ್ ಒಪ್ಪಿದರೆ ಯೋಚಿಸದೆ ಅದನ್ನೇ ಆರಿಸಿ.

ವೇಗ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಫೆಯ ನೋಡ್‌ಗೆ ಒಳ್ಳೆಯ ಲೈನ್ ಇದ್ದರೆ ಊರಿಗೆ ವಿಡಿಯೊ ಕರೆ ಸಲೀಸಾಗಿ ನಡೆಯುತ್ತದೆ. ಇಲ್ಲಿ ನಮಗೊಂದು ಅನುಕೂಲವಿದೆ. ಚಳಿಗಾಲದಲ್ಲಿ ಬರ್ಲಿನ್‌ನ ಗಡಿಯಾರ ನಮ್ಮೂರಿನದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಅಪ್ಪ ಅಮ್ಮ ಊಟ ಮುಗಿಸಿ ಮಾತಿಗೆ ಕೂರುವ ಹೊತ್ತು ಇಲ್ಲಿ ಇಳಿಸಂಜೆ. ಬರ್ಲಿನ್‌ನವರು ಮನೆಗೆ ಬಂದು ಸಿನಿಮಾ ಹಾಕಿಕೊಂಡು ಜಾಲವನ್ನು ತುಂಬುವುದು ಅದಾದ ಮೇಲೆ.

ಈ ದಾರಿ ಪ್ರವಾಸಿಗೆ, ಹೊಸದಾಗಿ ಬಂದವರಿಗೆ, ಫೋನಿನ ಡೇಟಾ ಉಳಿಸಬೇಕೆನ್ನುವವರಿಗೆ ಸಾಕು. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಇದೊಂದನ್ನೇ ನೆಚ್ಚಬಾರದು.

ಲೈನ್ ಇಲ್ಲದೆ, ಪಕ್ಕದವರ ನೋಡ್‌ಗೆ ಮೆಶ್ ಮಾಡುವುದು

ಮನೆಯ ಮೂಲೆಯಲ್ಲಿ ಸಿಗ್ನಲ್ ಒಂದು ಗೆರೆ ಮಾತ್ರ ಬರುತ್ತಿದೆ, ಕಿಟಕಿಯ ಬಳಿ ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಫ್ರೈಫುಂಕ್ ತಂತ್ರಾಂಶ ಹಾಕಿದ ರೌಟರನ್ನು ಕಿಟಕಿಯ ಹಲಗೆಯ ಮೇಲಿಟ್ಟು ಕರೆಂಟು ಕೊಟ್ಟರೆ ಅದು ಪಕ್ಕದ ನೋಡನ್ನು ತಾನೇ ಹುಡುಕಿಕೊಂಡು ಜೋಡಿಯಾಗಿ, ನಿಮ್ಮ ಕೋಣೆಗೆ ಹೊಸದಾಗಿ ವೈಫೈ ಹರಡುತ್ತದೆ. ನೋಡ್‌ಗಳು ಹೀಗೆ ತಾವಾಗಿ ಜೋಡಿಯಾಗುವುದನ್ನೇ ಮೆಶ್ ಎನ್ನುವುದು. ಕೇಳಲು ಚೆನ್ನ. ಆದರೆ ಒಂದೇ ರೇಡಿಯೊ ಇರುವ ಸಾಧನ ಏಕಕಾಲಕ್ಕೆ ಕೇಳಿಸಿಕೊಳ್ಳಲೂ ಹೇಳಲೂ ಆರದು. ಒಂದು ನೋಡ್‌ನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೂರನೆಯ ಜಿಗಿತದ ಹೊತ್ತಿಗೆ ವಿಡಿಯೊ ಕರೆಯಲ್ಲಿ ಅಮ್ಮನ ಮುಖ ಚೌಕಚೌಕವಾಗಿ ನಿಂತುಬಿಡುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ರೇಡಿಯೊಗಳಿರುವ ಸಾಧನವಾದರೆ ಒಂದರಲ್ಲಿ ನೆರೆಯವರೊಂದಿಗೆ, ಇನ್ನೊಂದರಲ್ಲಿ ನಿಮ್ಮ ಫೋನಿನೊಂದಿಗೆ ಮಾತಾಡುವುದರಿಂದ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಕಿಟಕಿಯ ಗಾಜನ್ನೂ ಗಮನಿಸಿ. ಬರ್ಲಿನ್‌ನ ನವೀಕರಿಸಿದ ಮನೆಗಳಲ್ಲಿ ಶಾಖ ಹೊರಹೋಗದಂತೆ ತೆಳುವಾದ ಲೋಹದ ಲೇಪವಿರುವ ಗಾಜು ಹಾಕಿರುತ್ತಾರೆ. ಕಣ್ಣಿಗೆ ಏನೂ ಕಾಣಿಸದು, ಆದರೆ ರೇಡಿಯೊ ಅಲೆಗೆ ಅದು ಗೋಡೆಗಿಂತ ಕಡೆ. ಫೋನನ್ನು ಮೊದಲು ಮುಚ್ಚಿದ ಕಿಟಕಿಯ ಒಳಗೆ, ಆಮೇಲೆ ತೆರೆದ ಕಿಟಕಿಯಲ್ಲಿ ಹಿಡಿದು ಸಿಗ್ನಲ್ ನೋಡಿ. ವ್ಯತ್ಯಾಸ ದೊಡ್ಡದಿದ್ದರೆ ಕಿಟಕಿಯೊಳಗಿನ ರೌಟರ್‌ಗೆ ಹಣ ಹಾಕಬೇಡಿ.

ನನ್ನ ಅಭಿಪ್ರಾಯದಲ್ಲಿ ಈ ದಾರಿ ಒಂದೇ ಕಟ್ಟಡದವರಿಗೆ ಹೊಂದುತ್ತದೆ. ಕೆಳಗಿನ ಮನೆಯವರಲ್ಲಿ ಲೈನ್ ಇದೆ, ಮೇಲಿನ ಎರಡು ಮನೆಗಳಿಗೆ ಬೇಕು ಎನ್ನುವಾಗ. ಅಲ್ಲಿಯೂ ಸಾಧ್ಯವಿದ್ದರೆ ಮೆಟ್ಟಿಲ ಪಕ್ಕದಲ್ಲಿ ಒಂದು ಕೇಬಲ್ ಎಳೆದು ನೋಡ್‌ಗಳನ್ನು ಕೇಬಲ್ ಮೇಲೆಯೇ ಮೆಶ್ ಮಾಡಿಸಿ. ತಂತ್ರಾಂಶದಲ್ಲಿ ಅದಕ್ಕೆ ಅವಕಾಶವಿದೆ.

ನಿಮ್ಮ ಲೈನಿನ ಒಂದು ಪಾಲನ್ನು ಹಂಚುವುದು

ಮನೆಯಲ್ಲಿ ಈಗಾಗಲೇ ಇಂಟರ್ನೆಟ್ ಇರುವವರಿಗೆ ನಾನು ಹೇಳುವುದು ಇದನ್ನೇ. ಕೆಳಗಿನ ಅಂಗಡಿಯವರಿಗೆ, ಬಸ್ಸಿಗೆ ಕಾಯುವವರಿಗೆ, ನಿನ್ನೆಯಷ್ಟೇ ಬಂದಿಳಿದ ಯಾರೋ ವಿದ್ಯಾರ್ಥಿಗೆ ಇದರಿಂದ ಸಿಗುವ ಪ್ರಯೋಜನ ದೊಡ್ಡದು. ನಿಮ್ಮ ಖರ್ಚು ಚಿಕ್ಕದು. 5 ವ್ಯಾಟ್ ಎಳೆಯುವ ರೌಟರ್ ವರ್ಷಪೂರ್ತಿ ಉರಿದರೂ ಸುಮಾರು 44 ಯೂನಿಟ್ ವಿದ್ಯುತ್ ಸಾಕು.

ಎಲ್ಲರಿಗೂ ಮೊದಲು ಹುಟ್ಟುವ ಭಯ ಕಾನೂನಿನದು. ಯಾರೋ ನನ್ನ ಲೈನಿನಲ್ಲಿ ಕಳ್ಳ ಸಿನಿಮಾ ಇಳಿಸಿಕೊಂಡರೆ ವಕೀಲರ ಪತ್ರ ನನಗೆ ಬರುವುದಿಲ್ಲವೇ? ಹಿಂದೆ ಈ ಭಯ ನಿಜವಾಗಿತ್ತು. ಮನೆಯ ವೈಫೈಗೆ ಭದ್ರತೆ ಕೊಡದ ಮಾಲೀಕ ಇತರರ ಅಪರಾಧಕ್ಕೂ ನೋಟಿಸು ಪಡೆಯಬಹುದು ಎಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಪೀಠ 2010ರ ಮೇ ತಿಂಗಳಲ್ಲಿ ಹೇಳಿತ್ತು. ಮುಂದೆ ಮ್ಯೂನಿಕ್ ಬಳಿಯ ಅಂಗಡಿಕಾರರೊಬ್ಬರ ತೆರೆದ ವೈಫೈ ಪ್ರಕರಣ ಯೂರೋಪಿನ ನ್ಯಾಯಾಲಯದವರೆಗೆ ಹೋಗಿ, 2016ರಲ್ಲಿ ತೀರ್ಪು ಬಂದಿತು. 2017ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ವೈಫೈ ಹಂಚುವವರ ಮೇಲಿನ ಆ ಹೊಣೆಯನ್ನು ತೆಗೆದುಹಾಕಿತು. 2018ರ ಜುಲೈಯಲ್ಲಿ ಜರ್ಮನಿಯ ಅದೇ ನ್ಯಾಯಪೀಠವೂ ಅದನ್ನು ಎತ್ತಿಹಿಡಿಯಿತು. ನಿರ್ದಿಷ್ಟ ತಾಣವನ್ನು ತಡೆಹಿಡಿಯಿರಿ ಎಂಬ ಬೇಡಿಕೆಗೆ ಮಾತ್ರ ಇನ್ನೂ ಅವಕಾಶವಿದೆ.

ಕಾನೂನು ಬದಲಾಗುವ ಮೊದಲೇ ಫ್ರೈಫುಂಕ್ ಜನ ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ನಿಮ್ಮ ನೋಡ್‌ನಿಂದ ಹೊರಡುವ ಅತಿಥಿಗಳ ಮಾಹಿತಿ ಒಂದು ಸುರಂಗದ ಮೂಲಕ ಸಮುದಾಯದ ಸರ್ವರ್‌ಗೆ ಹೋಗಿ, ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುತ್ತದೆ. ಹೊರಗಿನವರಿಗೆ ಕಾಣುವುದು ಸಮುದಾಯದ ವಿಳಾಸ, ನಿಮ್ಮದಲ್ಲ. ಈಗಲೂ ಸುರಂಗ ಸೇರಿದ ತಂತ್ರಾಂಶವನ್ನೇ ಆರಿಸಿ ಎನ್ನುತ್ತೇನೆ. ಪರದೇಶದಲ್ಲಿ ವಾಸದ ಪರವಾನಗಿಯ ಮೇಲಿರುವವರಿಗೆ ಜರ್ಮನ್ ಭಾಷೆಯ ವಕೀಲರ ಪತ್ರ, ಅದೆಷ್ಟೇ ಹುರುಳಿಲ್ಲದ್ದಾಗಿದ್ದರೂ, ನಿದ್ದೆ ಕೆಡಿಸುವಂಥದ್ದು. ಈ ಸುರಂಗ ಇರುವುದು ವಿಳಾಸಕ್ಕಾಗಿ, ಗೌಪ್ಯಕ್ಕಾಗಿ ಅಲ್ಲ ಎಂಬುದೂ ನೆನಪಿರಲಿ.

ಇನ್ನೊಂದು ಕಾಗದ ನೋಡಬೇಕಾದದ್ದು ನಿಮ್ಮ ಇಂಟರ್ನೆಟ್ ಕಂಪನಿಯ ಕರಾರು. ಲೈನನ್ನು ಮೂರನೆಯವರೊಂದಿಗೆ ಹಂಚಬಾರದು ಎಂಬ ಷರತ್ತು ಕೆಲವದರಲ್ಲಿ ಇರುತ್ತದೆ. ವಿದ್ಯಾರ್ಥಿ ನಿಲಯಗಳ ಜಾಲದಲ್ಲಂತೂ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಅಲ್ಲಿರುವವರು ಕೇಳದೆ ನೋಡ್ ಇಡಬೇಡಿ.

ಈಗ ಜೋಡಿಸುವ ಬಗೆ. ಜರ್ಮನಿಯ ಅನೇಕ ಮನೆಗಳಲ್ಲಿರುವ ಫ್ರಿಟ್ಜ್‌ಬಾಕ್ಸ್ ಎಂಬ ರೌಟರಿನ ಹಿಂಬದಿಯಲ್ಲಿ ನಾಲ್ಕು ಲ್ಯಾನ್ ಕಿಂಡಿಗಳಿರುತ್ತವೆ. ನಾಲ್ಕನೆಯದನ್ನು ಅತಿಥಿಗಳ ಕಿಂಡಿಯಾಗಿ ಬದಲಿಸುವ ಒಂದು ಗುರುತು ಅದರ ಜಾಲದ ಸೆಟ್ಟಿಂಗ್‌ಗಳಲ್ಲಿದೆ. ಅದನ್ನು ಹಾಕಿ, ಫ್ರೈಫುಂಕ್ ರೌಟರಿನ ನೀಲಿ ಅಥವಾ ‘ವ್ಯಾನ್’ ಎಂದು ಬರೆದ ಕಿಂಡಿಯಿಂದ ಅಲ್ಲಿಗೆ ಕೇಬಲ್ ಕೊಡಿ. ನಿಮ್ಮ ಲ್ಯಾಪ್‌ಟಾಪ್, ಪ್ರಿಂಟರ್ ಇರುವ ಮನೆಯ ಜಾಲಕ್ಕೂ ಫ್ರೈಫುಂಕ್‌ಗೂ ನಡುವೆ ಗೋಡೆ ಎದ್ದಂತಾಯಿತು. ಸುರಂಗ ಮಾತ್ರ ಏಳುತ್ತಿಲ್ಲ ಎಂದಾದರೆ ಅತಿಥಿಗಳಿಗೆ ‘ಜಾಲಾಟ ಮತ್ತು ಮಿಂಚಂಚೆ ಮಾತ್ರ’ ಎಂಬ ನಿರ್ಬಂಧ ಇನ್ನೂ ಉಳಿದಿದೆಯೇ ನೋಡಿ. ಅದು ಇರುವವರೆಗೆ ಸುರಂಗದ ಮಾಹಿತಿ ಹೊರಗೆ ಹೋಗಲಾರದು.

ಎಷ್ಟು ಪಾಲು ಕೊಡಬೇಕೆಂಬುದನ್ನು ತಂತ್ರಾಂಶವೇ ಕೇಳುತ್ತದೆ. ಅಪ್‌ಲೋಡ್‌ನ ಮಿತಿಯನ್ನು ಯೋಚಿಸಿ ಹಾಕಿ. ಕೇಬಲ್ ಟಿವಿಯ ಲೈನಿನಲ್ಲಿ ಇಳಿಯುವ ವೇಗ ಧಾರಾಳವಾಗಿದ್ದರೂ ಏರುವ ವೇಗ ತೀರಾ ಕಡಿಮೆಯಿರುವುದುಂಟು. ನಿಮ್ಮ ಸ್ವಂತ ಕರೆಗಳು ತಡವರಿಸುವುದು ಅಲ್ಲಿಯೇ. ಕಾಲುಭಾಗ ಕೊಟ್ಟು ಆರಂಭಿಸಿ. ತೊಂದರೆಯಾಗದಿದ್ದರೆ ಹೆಚ್ಚಿಸಬಹುದು.

ಯಾವ ರೌಟರ್, ಯಾವ ತಂತ್ರಾಂಶ?

ಎಷ್ಟೋ ಮನೆಗಳ ಕಪಾಟಿನಲ್ಲಿ ಟಿಪಿ-ಲಿಂಕ್‌ನ ಡಬ್ಲ್ಯುಆರ್841ಎನ್ ಎಂಬ ಬಿಳಿಯ ರೌಟರ್ ಇರುತ್ತದೆ. ಒಂದು ಕಾಲಕ್ಕೆ ಫ್ರೈಫುಂಕ್‌ನ ಬೆನ್ನೆಲುಬೇ ಅದಾಗಿತ್ತು. ಅಗ್ಗ, ಎಲ್ಲೆಲ್ಲೂ ಸಿಗುತ್ತಿತ್ತು. ಈಗ ಅದು ಬೇಡ. ಅದರಲ್ಲಿರುವುದು 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್. ಫ್ರೈಫುಂಕ್ ತಂತ್ರಾಂಶಗಳಿಗೆ ಬುನಾದಿಯಾದ, ರೌಟರ್‌ಗಳ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ ಇಂದಿನ ಆವೃತ್ತಿ ಅದರಲ್ಲಿ ಹಿಡಿಸುವುದಿಲ್ಲ. ಹಳೆಯ ತಂತ್ರಾಂಶದಲ್ಲೇ ಓಡಿಸಿದರೆ ಭದ್ರತಾ ತೇಪೆಗಳು ಬರುವುದಿಲ್ಲ. ಹಳೆಯ ಮಾರುಕಟ್ಟೆಯಲ್ಲಿ 5 ಯೂರೋಗೆ ಸಿಕ್ಕಿತೆಂದು ತರಬೇಡಿ. ಕನಿಷ್ಠ 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್, ಎರಡು ರೇಡಿಯೊ ಇರುವುದನ್ನು ನೋಡಿ.

ಬಳಸಿದ ಸಾಧನಗಳಲ್ಲಿ ಟಿಪಿ-ಲಿಂಕ್‌ನ ಆರ್ಚರ್ ಸಿ7 ಮತ್ತು ಫ್ರಿಟ್ಜ್‌ಬಾಕ್ಸ್ 4040 ಎರಡನ್ನೂ ಜನ ಬಹಳ ಬಳಸುತ್ತಾರೆ. ಫ್ರಿಟ್ಜ್‌ಬಾಕ್ಸ್‌ನಲ್ಲಿ ನೆನಪಿನ ಜಾಗ ಹೆಚ್ಚು, 32 ಎಂಬಿ ಫ್ಲ್ಯಾಶ್ ಮತ್ತು 256 ಎಂಬಿ ರ್‍ಯಾಮ್. ಇನ್ನೂ ಹಲವು ವರ್ಷ ಬಾಳುತ್ತದೆ. ಆದರೆ ಅದಕ್ಕೆ ಮೊದಲ ಬಾರಿ ತಂತ್ರಾಂಶ ಹಾಕುವಾಗ ಕರೆಂಟು ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಕಂಪ್ಯೂಟರಿನಿಂದ ಅದರ ಬೂಟ್‌ಲೋಡರ್ ಅನ್ನು, ಅಂದರೆ ರೌಟರ್ ಏಳುವಾಗ ಮೊದಲು ಓಡುವ ಪುಟ್ಟ ತಂತ್ರಾಂಶವನ್ನು ಹಿಡಿಯಬೇಕು. ಅಭ್ಯಾಸವಿಲ್ಲದವರಿಗೆ ಅದು ಕಿರಿಕಿರಿ. ಟಿಪಿ-ಲಿಂಕ್‌ನ ಅನೇಕ ಹಳೆಯ ಮಾದರಿಗಳಲ್ಲಾದರೆ ತಯಾರಕರ ನವೀಕರಣ ಪುಟದಿಂದಲೇ ಹೊಸ ಕಡತವನ್ನು ಏರಿಸಬಹುದು. ಜೊತೆಗೆ ಕೂತು ತೋರಿಸುವವರಿದ್ದರೆ ಫ್ರಿಟ್ಜ್‌ಬಾಕ್ಸ್, ಒಬ್ಬರೇ ಮಾಡಬೇಕಾದರೆ ಟಿಪಿ-ಲಿಂಕ್ ಎನ್ನುತ್ತೇನೆ.

ಕೊಳ್ಳುವ ಮುನ್ನ ರೌಟರನ್ನು ಮಗುಚಿ ತಳದ ಚೀಟಿ ಓದಿ. ಮಾದರಿಯ ಹೆಸರಿನ ಪಕ್ಕದಲ್ಲಿ ‘ವರ್ಷನ್ 2’, ‘ವರ್ಷನ್ 5’ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ಹೊರಗಿನ ಡಬ್ಬಿ ಒಂದೇ ಆಗಿದ್ದರೂ ಒಳಗಿನ ಚಿಪ್ ಬೇರೆಯೇ ಇರಬಹುದು. ಒಂದರ ಕಡತವನ್ನು ಇನ್ನೊಂದಕ್ಕೆ ಹಾಕಿದರೆ ರೌಟರ್ ಏಳದೆ ಹೋಗಬಹುದು. ಆನ್‌ಲೈನ್‌ನಲ್ಲಿ ಹಳೆಯದನ್ನು ಮಾರುವವರಿಗೆ ಆ ಚೀಟಿಯ ಫೋಟೊ ಕಳಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ತಂತ್ರಾಂಶವನ್ನು ನೀವು ಆರಿಸುವುದಕ್ಕಿಂತ ನಿಮ್ಮ ಊರು ಆರಿಸಿರುತ್ತದೆ. ಜರ್ಮನಿಯ ಹೆಚ್ಚಿನ ಊರುಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಮೇಲೆ ಕಟ್ಟಿದ ಗ್ಲುವಾನ್ ಇದೆ. ಹೊಸಬರಿಗೆ ಅದು ಬಹಳ ಸುಲಭ. ರೌಟರ್ ಹೊತ್ತಿರುವಾಗ ಹಿಂಬದಿಯ ರೀಸೆಟ್ ಗುಂಡಿಯನ್ನು ದೀಪಗಳು ಮಿನುಗುವವರೆಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಸೆಟ್ಟಿಂಗ್ ಸ್ಥಿತಿಗೆ ಬರುತ್ತದೆ. ಲ್ಯಾನ್ ಕಿಂಡಿಗೆ ಕಂಪ್ಯೂಟರ್ ಜೋಡಿಸಿ 192.168.1.1 ತೆರೆದರೆ ಒಂದೇ ಪುಟದಲ್ಲಿ ನೋಡ್‌ನ ಹೆಸರು, ಸುರಂಗ ಬೇಕೇ, ವೇಗದ ಮಿತಿ ಎಷ್ಟು, ನಕ್ಷೆಯಲ್ಲಿ ಸ್ಥಳ ತೋರಿಸಬೇಕೇ, ನಿಮ್ಮನ್ನು ಸಂಪರ್ಕಿಸುವುದು ಹೇಗೆ ಎಂದು ಕೇಳುತ್ತದೆ. ನವೀಕರಣಗಳನ್ನೂ ತಾನೇ ಹಾಕಿಕೊಳ್ಳುತ್ತದೆ.

ಬರ್ಲಿನ್‌ನದು ಬೇರೆ ಪದ್ಧತಿ. ಇಲ್ಲಿನ ತಂತ್ರಾಂಶದ ಹೆಸರು ಫಾಲ್ಟರ್. ಇಲ್ಲಿ ಪ್ರತಿ ನೋಡ್‌ಗೂ ಜಾಲದೊಳಗಿನ ವಿಳಾಸಗಳನ್ನು ಮೊದಲೇ ಸಮುದಾಯದ ವಿಳಾಸ ಹಂಚಿಕೆ ಪುಟದಿಂದ ಪಡೆದುಕೊಂಡು, ಅವನ್ನು ಸೆಟ್ಟಿಂಗ್‌ಗಳಲ್ಲಿ ತುಂಬಬೇಕು. ಒಂದು ಹೆಜ್ಜೆ ಹೆಚ್ಚು, ನಿಜ. ಆದರೆ ನಿಮ್ಮ ನೋಡ್‌ಗೆ ಊರಿನ ಜಾಲದಲ್ಲಿ ಅದರದೇ ಆದ ಸ್ಥಾನ ಸಿಗುತ್ತದೆ. ಮುಂದೊಂದು ದಿನ ಚಾವಣಿಯ ಆಂಟೆನಾದಿಂದ ದೂರದ ಗೋಪುರಕ್ಕೆ ಕೊಂಡಿ ಹಾಕಿದಾಗ ಅದು ಉಪಯೋಗಕ್ಕೆ ಬರುತ್ತದೆ. ಜೋಡಿಸಿದ ಮೇಲೆ ಬ್ರೌಸರಿನಲ್ಲಿ ‘ಫ್ರೈ ಡಾಟ್ ಫುಂಕ್’ ಎಂದು ಟೈಪ್ ಮಾಡಿದರೆ ನಿಮ್ಮ ಹತ್ತಿರದ ನೋಡ್‌ನ ಸ್ಥಿತಿಗತಿ ಕಾಣುತ್ತದೆ. ಮ್ಯೂನಿಕ್‌ನ ತಂತ್ರಾಂಶವನ್ನು ಬರ್ಲಿನ್‌ನಲ್ಲಿ ಹಾಕಿದರೆ ನಡೆಯದು. ಊರು ಬದಲಿಸಿದರೆ ತಂತ್ರಾಂಶವನ್ನೂ ಬದಲಿಸಬೇಕು.

ನೋಡ್ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವಾಗ ಕಟ್ಟಡದ ನಿಖರ ಸ್ಥಳ ಕೊಡುವುದು ಕಡ್ಡಾಯವಲ್ಲ. ಬೀದಿಯ ತುದಿಯನ್ನು ಗುರುತಿಸಿದರೂ ನೆರೆಯವರಿಗೆ ಸಾಕು. ಒಬ್ಬರೇ ವಾಸಿಸುವವರು ನೋಡ್‌ಗೆ ತಮ್ಮ ಹೆಸರನ್ನು ಇಡದಿರುವುದು ಒಳಿತು.

ಬಾಲ್ಕನಿ ಅಥವಾ ಚಾವಣಿಯ ಆಂಟೆನಾ

ಬರ್ಲಿನ್‌ನ ವಿಶೇಷವಿರುವುದು ಇಲ್ಲಿ. ಕ್ರೊಯ್ಟ್ಸ್‌ಬೆರ್ಗ್‌ನ ಎಮ್ಮಾವುಸ್ ಚರ್ಚು, ಫ್ರೀಡ್ರಿಶ್ಸ್‌ಹೈನ್‌ನ ಟ್ಸ್ವಿಂಗ್ಲಿ ಚರ್ಚು, ಕ್ರೊಯ್ಟ್ಸ್‌ಬೆರ್ಗ್‌ನ ಪುರಭವನ ಮುಂತಾದ ಎತ್ತರದ ಕಟ್ಟಡಗಳ ಮೇಲೆ ಆಂಟೆನಾಗಳಿಟ್ಟು, ಒಂದರಿಂದೊಂದಕ್ಕೆ ಕೊಂಡಿ ಹಾಕಿ ಊರಿನ ಮೇಲೆ ಬೆನ್ನೆಲುಬಿನಂಥ ಜಾಲವೊಂದನ್ನು ಕಟ್ಟಿದ್ದಾರೆ. 2010ರ ದಶಕದಲ್ಲಿ ಇದಕ್ಕೆ ಬರ್ಲಿನ್-ಬ್ರಾಂಡೆನ್‌ಬುರ್ಗ್ ಮಾಧ್ಯಮ ಪ್ರಾಧಿಕಾರವೂ ಹಣ ನೀಡಿತ್ತು. ನಿಮ್ಮ ಬಾಲ್ಕನಿಯಿಂದ ಅಂಥ ಗೋಪುರವೊಂದು ಕಂಡರೆ, ನಿಮ್ಮ ಮನೆಗೆ ಯಾವ ಕಂಪನಿಯ ಲೈನೂ ಇಲ್ಲದೆ ಒಳ್ಳೆಯ ವೇಗದ ಇಂಟರ್ನೆಟ್ ಸಿಗುವ ಸಾಧ್ಯತೆಯಿದೆ.

‘ಕಂಡರೆ’ ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಿ. ಕಣ್ಣಿಗೆ ಗೋಪುರದ ತುದಿ ಮಾತ್ರ ಕಂಡರೂ ಸಾಲದು. ರೇಡಿಯೊ ಅಲೆಗೆ ದಾರಿಯ ಸುತ್ತ ಜಾಗ ಬೇಕು. 5 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ದೂರದ ಕೊಂಡಿಗೆ ನಟ್ಟನಡುವೆ ಸುತ್ತಲೂ ಸುಮಾರು ಮೂರೂವರೆ ಮೀಟರಿನಷ್ಟು ಬಯಲು ಇರುವುದು ಆದರ್ಶ. ಆ ಜಾಗಕ್ಕೆ ಮರ ಬಂದರೆ ಸಿಗ್ನಲ್ ಕುಗ್ಗುತ್ತದೆ. ಬರ್ಲಿನ್‌ನ ಬೀದಿಗಳ ತುಂಬ ಲಿಂಡನ್ ಮರಗಳು. ಫೆಬ್ರವರಿಯಲ್ಲಿ ಎಲೆಯಿಲ್ಲದ ಕೊಂಬೆಗಳ ನಡುವೆ ಚೆನ್ನಾಗಿ ಓಡಿದ ಕೊಂಡಿ ಮೇ ತಿಂಗಳಲ್ಲಿ ಎಲೆ ತುಂಬಿದಾಗ ಸತ್ತಂತಾಗುತ್ತದೆ, ಮಳೆ ಬಂದು ಎಲೆ ತೊಯ್ದರೆ ಇನ್ನೂ ಕಷ್ಟ. ಚಳಿಗಾಲದಲ್ಲಿ ನೋಡಿದ್ದನ್ನು ನಂಬಿ ಹಣ ಹಾಕಬೇಡಿ.

ಬಾಡಿಗೆದಾರರಿಗೆ ಎರಡನೆಯ ಪ್ರಶ್ನೆ ಮಾಲೀಕರದು. ಹೊರಗೋಡೆಗೆ ತೂತು ಹೊಡೆಯಲು, ಚಾವಣಿಗೆ ಹತ್ತಲು ಲಿಖಿತ ಒಪ್ಪಿಗೆ ಬೇಕು. ಬಾಲ್ಕನಿಯ ಕಂಬಿಗೆ ತೂತಿಲ್ಲದೆ ಹಿಡಿಕೆ ಬಿಗಿದು ಆಂಟೆನಾ ಕೂರಿಸುವುದು ಬಾಡಿಗೆದಾರರಿಗೆ ಎಷ್ಟೋ ಸುಲಭ. ಆದರೂ ಒಂದು ಮಾತು ಕೇಳಿಯೇ ಮಾಡಿ. ಬಾಲ್ಕನಿಗೆ ಇನ್ನೊಂದು ಅನುಕೂಲವೂ ಇದೆ. ಚಾವಣಿಯ ಅಂಚಿಗಿಂತ 2 ಮೀಟರಿಗಿಂತ ಕೆಳಗೆ, ಗೋಡೆಯಿಂದ ಒಂದೂವರೆ ಮೀಟರಿಗಿಂತ ಒಳಗಿರುವ ಆಂಟೆನಾಕ್ಕೆ ಸಿಡಿಲಿನ ಅರ್ಥಿಂಗ್ ಬೇಕಿಲ್ಲವೆಂದು ಜರ್ಮನಿಯ ನಿಯಮ ಹೇಳುತ್ತದೆ. ಚಾವಣಿಯ ಮೇಲಿನದಕ್ಕೆ ಬೇಕೇ ಬೇಕು. ಅದನ್ನು ಎಲೆಕ್ಟ್ರಿಷಿಯನ್ ಮಾಡಬೇಕು, ನೀವಲ್ಲ.

ಸಾಧನವಾಗಿ ಯುಬಿಕ್ವಿಟಿಯ ನ್ಯಾನೊಸ್ಟೇಷನ್, ಲೈಟ್‌ಬೀಮ್ ಮಾದರಿಗಳು ಇಲ್ಲಿ ಬಹಳ ಬಳಕೆಯಲ್ಲಿವೆ. ನ್ಯಾನೊಸ್ಟೇಷನ್ ಅಗಲವಾಗಿ ನೋಡುತ್ತದೆ, ಗುರಿ ಹಿಡಿಯುವುದು ಸುಲಭ. ಹತ್ತಿರದ ಗೋಪುರಕ್ಕೆ ಅದು ಸಾಕು. ಲೈಟ್‌ಬೀಮ್‌ನ ತಟ್ಟೆ ದೂರಕ್ಕೆ ಒಳ್ಳೆಯದು, ಆದರೆ ಕೂದಲೆಳೆಯಷ್ಟು ತಿರುಗಿದರೂ ಸಿಗ್ನಲ್ ಬೀಳುತ್ತದೆ, ಗಾಳಿಯನ್ನೂ ಹಿಡಿಯುತ್ತದೆ. ಇವಕ್ಕೆ ವಿದ್ಯುತ್ ಹೋಗುವುದು ನೆಟ್‌ವರ್ಕ್ ಕೇಬಲ್ ಮೂಲಕವೇ, 24 ವೋಲ್ಟ್‌ನಲ್ಲಿ. ಅಡಾಪ್ಟರಿನ ಎರಡು ಕಿಂಡಿಗಳಲ್ಲಿ ವಿದ್ಯುತ್ ಇರುವ ಕಿಂಡಿಗೆ ಲ್ಯಾಪ್‌ಟಾಪ್ ಚುಚ್ಚಬೇಡಿ, ಅದರ ಪೋರ್ಟ್ ಸುಟ್ಟುಹೋಗಬಹುದು. ಕೇಬಲ್ ಮನೆಯೊಳಗೆ ಬರುವ ಮುನ್ನ ಸ್ವಲ್ಪ ಕೆಳಗೆ ಜೋತು ಬಿಟ್ಟು ಮೇಲೆ ತನ್ನಿ. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಹೊರಾಂಗಣಕ್ಕೆ 5470ರಿಂದ 5725 ಮೆಗಾಹರ್ಟ್ಸ್‌ವರೆಗಿನ ಚಾನೆಲ್‌ಗಳನ್ನೇ ಆರಿಸಿ. ಅಲ್ಲಿ 1 ವ್ಯಾಟ್‌ವರೆಗೆ ಅವಕಾಶವಿದೆ, ಆದರೆ ರೇಡಾರ್ ಕಂಡೊಡನೆ ಚಾನೆಲ್ ಬಿಟ್ಟುಕೊಡುವ ವ್ಯವಸ್ಥೆಯನ್ನು ನಿಲ್ಲಿಸುವಂತಿಲ್ಲ. ಹವಾಮಾನ ರೇಡಾರ್ ಇರುವ 5600–5650ರ ನಡುವೆ ಸಾಧನ ಮಾತು ಶುರುಮಾಡುವ ಮುನ್ನ 10 ನಿಮಿಷ ಸುಮ್ಮನೆ ಕೇಳುತ್ತದೆ. ಕೆಟ್ಟಿದೆಯೆಂದು ಕರೆಂಟು ತೆಗೆದು ಹಾಕಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ.

ಇದನ್ನು ಒಬ್ಬರೇ ಮಾಡಲು ಹೊರಡಬೇಡಿ. ಸ್ಪ್ರೇ ನದಿಯ ದಡದಲ್ಲಿ, ಯಾನೊವಿಟ್ಸ್ ಸೇತುವೆಯ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿ-ಬೇಸ್ ಎಂಬ ತಾಣವಿದೆ. ಬರ್ಲಿನ್‌ನ ಫ್ರೈಫುಂಕ್ ಜನ ಬಹುಕಾಲದಿಂದ ಬುಧವಾರ ಸಂಜೆ ಸೇರುವುದು ಅಲ್ಲೇ. ನಿಮ್ಮ ಬಾಲ್ಕನಿಯಿಂದ ತೆಗೆದ ಫೋಟೊಗಳನ್ನು ಕೊಂಡೊಯ್ದರೆ ಯಾವ ಗೋಪುರಕ್ಕೆ ಕೊಂಡಿ ಸಿಗಬಹುದು, ಆ ಕಡೆಯ ಆಂಟೆನಾದಲ್ಲಿ ಜಾಗವಿದೆಯೇ ಎಂಬುದನ್ನು ಅಲ್ಲಿಯವರೇ ನೋಡಿ ಹೇಳುತ್ತಾರೆ. ಜರ್ಮನ್ ಬಾರದಿದ್ದರೂ ಹೋಗಿ, ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ.

ಊರಿಗೆ ಮರಳುವಾಗ

ಇದೇ ರೌಟರನ್ನು ಊರಿಗೆ ಒಯ್ದು ಹೀಗೇ ತೆರೆದಿಡುವ ಆಸೆ ಹುಟ್ಟುವುದು ಸಹಜ. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿರುವುದರಿಂದ ಮನೆಯಿಂದ ತೋಟದ ಮನೆಗೆ ಕೊಂಡಿ ಹಾಕಲು ಸಾಧನ ಉಪಯೋಗಕ್ಕೆ ಬಂದೀತು. ಆದರೆ ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಿಸಬೇಕೆಂಬ ನಿಯಮ ನಮ್ಮಲ್ಲಿದೆ. ಹೆಸರು ಕೇಳದ ತೆರೆದ ವೈಫೈ ಅಲ್ಲಿ ನಡೆಯುವುದಿಲ್ಲ. ಊರಿನವರಿಗೆ ವೈಫೈ ಹಂಚಬೇಕೆನ್ನುವವರು 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯನ್ನು ನೋಡಬೇಕು. ಕಿರಾಣಿ ಅಂಗಡಿಯವರೂ ಅದರಲ್ಲಿ ಪರವಾನಗಿ ಶುಲ್ಕವಿಲ್ಲದೆ ವೈಫೈ ಕೇಂದ್ರ ತೆರೆಯಬಹುದು.

ಬರ್ಲಿನ್‌ನ ಮನೆ ಖಾಲಿ ಮಾಡುವ ಮುನ್ನ ನಿಮ್ಮ ನೋಡ್‌ಗೆ ಯಾರೆಲ್ಲ ಮೆಶ್ ಆಗಿದ್ದಾರೆ ಎಂದು ಅದರ ಸ್ಥಿತಿ ಪುಟದಲ್ಲಿ ನೋಡಿ. ಯಾರಾದರೂ ಇದ್ದರೆ ಕೆಲವು ವಾರ ಮೊದಲೇ ತಿಳಿಸಿ, ಸಾಧ್ಯವಾದರೆ ಹೊಸ ಬಾಡಿಗೆದಾರರಿಗೆ ರೌಟರನ್ನು ಪಾಸ್‌ವರ್ಡ್ ಸಮೇತ ಒಪ್ಪಿಸಿ, ಸಂಪರ್ಕದ ವಿವರವನ್ನು ಅವರ ಹೆಸರಿಗೆ ಬದಲಿಸಿ. ಅವರು ಬೇಡವೆಂದರೆ ಪಡೆದಿದ್ದ ವಿಳಾಸಗಳನ್ನು ಸಮುದಾಯಕ್ಕೆ ಹಿಂದಿರುಗಿಸಿ. ಮುಂದೆ ಸೇರುವ ಇನ್ನೊಬ್ಬರಿಗೆ ಅವು ಬೇಕಾಗುತ್ತವೆ.